ಕಣದಂಚಿನ ಚಪ್ಪಲಿ

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಪಂಪಮ್ಮ ಹುಣಸೆಹಣ್ಣಿನ ಬುಟ್ಟಿ ಮುಂದಿಟ್ಟುಕೊಂಡು ಹಿಂದೂಪುರದ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಮೈಯೆಲ್ಲ ಧೂಳಾದ ಇಬ್ಬರು ಗೆಳೆಯರು. ಮಿಲಿಟರಿಯವರು ಹರಾಜಿಗೆ ಹಾಕಿದ್ದ ಯುದ್ಧಕಾಲದ ಮೋಟಾರ್ ಸೈಕಲ್ಲುಗಳಲ್ಲಿ ಗಾಡಿದಾರಿ ಸುತ್ತಲು ಬಂದವರಂತೆ. ಈಗ ಎರಡೂ ಕೆಟ್ಟು ರಿಪೇರಿ ಅಂಗಡಿ ಸೇರಿದ್ದವು.

“ನನ್ನ ಗಾಡಿ ಕೆಟ್ಟು ನಾನು ಹಿಂದೆ ಉಳ್ಕೊಂಡೆ. ಆಮೇಲೆ ನಿಂಗೇನಾಯ್ತು ಹೇಳ್ಲಾ ರೇವಣ್ಣ.”

“ಹೊಲದಾಗೆ ಒಂದು ಕಣ ಸಿಕ್ತು ಬೈಲಪ್ಪ. ಆಗತಾನೆ ಸಗಣಿ ಸಾರ್ಸಿದ್ರು. ನುಣ್ಣಗೈತೆ ಅಂತ ಅದರ ಮೇಲೆ ನಾಕು ಸುತ್ತು ಹೊಡ್ದೆ.”

“ಥೂ! ಕಣದ ಮೇಲಾ?”

“ಯಜಮಾನ ಕೋಲು ಹಿಡ್ಕೊಂಡು ಓಡಿಬಂದ. ನನ್ನ ಹೊಡೆಯೋಕೆ ಬಂದೋನು, ಕಣದ ಅಂಚಿಗೆ ನಿಂತು ಚಪ್ಪಲಿ ಬಿಟ್ಟು ಒಳಕ್ಕೆ ಬಂದ ಕಣ್ಲಾ.”

ಬುಟ್ಟಿಯ ಮೇಲಿನ ನೊಣ ಓಡಿಸುತ್ತಿದ್ದ ಪಂಪಮ್ಮನ ಕೈ ಹಾಗೇ ನಿಂತಿತು.

“ಹೊಡೆದ್ನಾ?”

“ಹೊಡೆದಿದ್ರೆ ಚೆನ್ನಾಗಿತ್ತು. ‘ಯಾರ ಮಗ ನಾಯ್ನಾ ನೀನು?’ ಅಂತ ಸ್ವಂತ ಮಗನ್ನ ಕೇಳೋ ಹಂಗೆ ಮೆತ್ತಗೆ ಕೇಳ್ದ.”

“ಏನಂದೆ?”

ರೇವಣ್ಣ ತಲೆ ತಗ್ಗಿಸಿದ.

“ನಮ್ಮಪ್ಪನ ಹೆಸರು ಹೇಳೋಕೆ ಬಾಯಿ ಬರ್ಲಿಲ್ಲ. ನಿಮ್ಮಪ್ಪನ ಹೆಸರು ಹೇಳ್ಬುಟ್ಟೆ.”

ಬಸ್ಸು ಬಂತು. ಬೈಲಪ್ಪ ಹತ್ತಲಿಲ್ಲ.

“ನೀನು ಹೋಗು. ನಾನು ಆ ಕಣದ ತಾವ ಹೋಯ್ತೀನಿ. ನಮ್ಮಪ್ಪನ ಹೆಸರು ಅಲ್ಲಿ ಬಿದ್ದೈತೆ.”

ಮೆಟ್ಟಿಲ ಮೇಲೆ ಕಾಲಿಟ್ಟಿದ್ದ ರೇವಣ್ಣ ಪಂಪಮ್ಮನಿಗೆ ದಾರಿ ಬಿಟ್ಟು ಇಳಿದ. ಬಸ್ಸು ಹೊರಟಾಗ ಅವಳು ಕಿಟಕಿಯಿಂದ ನೋಡಿದಳು. ಬೈಲಪ್ಪ ತಿರುಗಿ ನೋಡದೆ ಬಿರಬಿರನೆ ನಡೆಯುತ್ತಿದ್ದ. ರೇವಣ್ಣ ಹತ್ತು ಮಾರು ಹಿಂದೆ, ಜೊತೆ ಸೇರುವ ಧೈರ್ಯವಿಲ್ಲದೆ, ಅದೇ ದಾರಿ ಹಿಡಿದಿದ್ದ.