ತಾತನ ಹೆಸರಿನ ತೂತು

ಕಣ್ಣಾಸ್ಪತ್ರೆಯಲ್ಲಿ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಕಣ್ಮುಚ್ಚಿ ಕೂತಿದ್ದ ದರ್ಜಿ ಅಕ್ಕನಿಗೆ ಪಕ್ಕದ ಬೆಂಚಿನ ಮಾತು ಕೇಳದೆ ಬೇರೆ ದಾರಿಯಿರಲಿಲ್ಲ.

“ತಾತಾ! ನೀವು ಬದುಕಿದ್ದೀರಾ?”

“ಯಾಕಯ್ಯಾ ಸೆಕ್ರೆಟರಿ, ದೆವ್ವ ಕಂಡೋನ ಹಾಗೆ ನಿಂತೆ? ಕಣ್ಣಿನ ಆಪರೇಷನ್ ಅಂತ ಎರಡು ತಿಂಗಳಿಂದ ಮಗಳ ಮನೇಲಿದ್ದೆ.”

“ಸದ್ಯ! ಮನೆಗೆ ಬೀಗ, ಫೋನೂ ಎತ್ತಲಿಲ್ಲ. ಮೊನ್ನೆ ಶೂಟಿಂಗ್ ಕ್ಲಬ್ಬಲ್ಲಿ ತೀರಿಕೊಂಡೋರ ಹೆಸರಲ್ಲಿ ಒಂದೊಂದು ಗುಂಡು ಹಾರಿಸಿದ್ವಲ್ಲ, ನಿಮ್ಮ ಹೆಸರಲ್ಲೂ ಒಂದು ಹಾರಿಸಿಬಿಟ್ವಿ.”

“ನನ್ನ ಹೆಸರಲ್ಲಾ? ನಾನು ಮೆಂಬರೇ ಅಲ್ವಲ್ಲೋ. ಮೂವತ್ತು ವರ್ಷ ನಿಮ್ಮ ಗುರಿಹಲಗೆ ತೂತಿಗೆ ಕಾಗದ ಅಂಟಿಸಿದೋನು.”

“ಅದಕ್ಕೇ ಮೊದಲನೇ ಹೆಸರು ನಿಮ್ಮದು. ಎಲ್ರೂ ಎದ್ದು ನಿಂತಿದ್ರು.”

ಅಕ್ಕ ಮುಚ್ಚಿದ ಕಣ್ಣಲ್ಲೇ ಆ ಕಡೆ ವಾಲಿದಳು.

“ಹಾರಿಸಿದ್ದು ಯಾರು?”

“ನಾನೇ.”

“ಹಾಗಾದ್ರೆ ಹಲಗೆಗೇ ತಗುಲಿರಲ್ಲ ಬಿಡು.”

“ನಟ್ಟನಡುವೆ ಬಿತ್ತು ತಾತಾ, ನಿಮ್ಮಾಣೆ! ತೂತು ಹಾಗೇ ಇದೆ. ಮುಚ್ಚೋಕೆ ಯಾರಿಗೂ ಮನಸ್ಸು ಬರಲಿಲ್ಲ.”

ನರ್ಸು ತಾತನನ್ನು ಕೂಗಿದಳು. ಕೋಲಿನ ಸದ್ದು ನಾಲ್ಕು ಹೆಜ್ಜೆ ಹೋಗಿ ನಿಂತಿತು.

“ಅದಕ್ಕೆ ಯಾರೂ ಕೈ ಹಚ್ಚಬೇಡಿ. ಭಾನುವಾರ ನಾನೇ ಬಂದು ಅಂಟಿಸ್ತೀನಿ.”