ಜೇಬುಗಡಿಯಾರಕ್ಕೆ ಕೀ ಕೊಟ್ಟವರು

ಓದುವವರೆಲ್ಲರಿಗೂ ಶರಣು. ನಾನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು. ನನ್ನ ಅಕ್ಷರ ದುಂಡಗಿಲ್ಲ, ಮಾತು ಜೋಡಿಸುವುದೂ ಸರಿಯಾಗಿ ತಿಳಿಯದು. ನಾಲ್ಕು ಜನರ ಮುಂದೆ ಬಾಯಿ ಬಿಡಲು ನಾಚುವ ನಾನು ಬರೆಯಲು ಕುಳಿತಿರುವುದು, ಇದು ನಿಜವಾಗಿ ನಡೆದದ್ದರಿಂದ ಮಾತ್ರ. ನಡೆದದ್ದು ನನ್ನ ದೊಡ್ಡಪ್ಪನ ಮಗಳು ಪುಷ್ಪಾವತಿಗೆ. ರಾತ್ರಿ ಓದುವವರು ಹೊರಬಾಗಿಲು ಹಾಕಿಕೊಂಡು ಓದಿ.

ಆ ರಾತ್ರಿ ಪುಷ್ಪಕ್ಕ ಕೊಡಿಗೇನಹಳ್ಳಿಯಲ್ಲಿ ಕೊನೆಯ ಬಸ್ಸಿನಿಂದ ಇಳಿದಳು. ಅಲ್ಲಿಂದ ಅವಳ ಹಳ್ಳಿಗೆ ಹೊಲಗಳ ನಡುವಿನ ಕಾಲುದಾರಿ. ದಾರಿಯಲ್ಲಿ ಅವರದೇ ಹಳೆಯ ಬಾವಿ. ಬಾವಿಯ ಪಕ್ಕದಲ್ಲಿ ಅವಳ ಮಾವ ವೃಷಭೇಂದ್ರಪ್ಪನವರ ಸಮಾಧಿ. ಅವಳಿಗೆ ಭಯವಿರಲಿಲ್ಲ... ಸಿಟ್ಟಿತ್ತು. ಚೀಲದಲ್ಲಿ ಮಾವನವರ ಜೇಬುಗಡಿಯಾರ ಎಂದಿನಂತೆ ಸತ್ತು ಮಲಗಿತ್ತು.

ಸಿಟ್ಟಿನ ಕಾರಣವನ್ನು ಹೇಳಬೇಕು. ಹೋದ ವರ್ಷ ಅವಳ ಅತ್ತೆ ಬಸವಮ್ಮನವರಿಗೆ ಕಣ್ಣು ಪೂರ್ತಿ ಹೋಯಿತು. ಹಗಲು ಯಾವುದು, ರಾತ್ರಿ ಯಾವುದು ತಿಳಿಯದೆ ನಿದ್ದೆಯೂ ಹೋಯಿತು. ಮೈ ಸೊರಗಿತು. "ನಿಮ್ಮಾವನ ಗಡಿಯಾರ ದಿಂಬಿನ ಕೆಳಗಿದ್ರೆ ನಂಗೆ ನಿದ್ದೆ ಬರೋದು ಕಣಮ್ಮ. ಅದರ ಸದ್ದು ಒಂದ್ಸಾರಿ ಕೇಳಿಸ್ಬುಡು. ಆಮ್ಯಾಲೆ ಶಿವ ಯಾವಾಗ್ ಕರದ್ರೂ ಹೋಯ್ತೀನಿ" ಎಂದರು. ಪುಷ್ಪಕ್ಕ ಮಾತು ಕೊಟ್ಟಳು.

ಅದು ಬೆಳ್ಳಿಯ ಗಡಿಯಾರ. ಬಿಳಿಯ ಮುಖದ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಚಿನ್ನಸ್ವಾಮಿ ನಾಯ್ಡು ಅಂಡ್ ಸನ್ಸ್, ಜ್ಯುವೆಲರ್ಸ್, ಬೆಂಗಳೂರು’ ಎಂದಿದೆ. ಆ ಹೆಸರೇ ಎಲ್ಲರನ್ನೂ ದಾರಿ ತಪ್ಪಿಸಿತು. ಕೊರಟಗೆರೆಯ ರಿಪೇರಿಯವನು, ಇದನ್ನು ಆ ಅಂಗಡಿಯವರೇ ಮಾಡಿದ್ದು, ಸಾಮಾನು ಅವರಲ್ಲಿಯೇ ಸಿಗುವುದು ಎಂದ. ಪುಷ್ಪಕ್ಕನ ಗಂಡ ಪರಮೇಶ್ ಬೆಂಗಳೂರಿಗೆ ಹೋಗಿ ಬೀದಿ ಬೀದಿ ಅಲೆದರು. ಆ ಅಂಗಡಿ ಮುಚ್ಚಿದ್ದು ತಾತಂದಿರ ಕಾಲದಲ್ಲಂತೆ. ಪಾವಗಡದವನು "ಲೇದಮ್ಮಾ, ಇದು ನಮ್ ಕೈಲಿ ಆಗಲ್ಲ" ಎಂದು ಮುಚ್ಚಳವನ್ನೂ ತೆಗೆಯದೆ ಹಿಂದಿರುಗಿಸಿದ. ಮಧುಗಿರಿಯವನು ಒಳಗಿನದನ್ನು ಕಿತ್ತು ಸೆಲ್ಲಿನ ಮಿಷಿನ್ನು ಕೂರಿಸುತ್ತೇನೆಂದು ಹೇಳಿ, ಸದ್ದು ಹೇಗಿರುತ್ತದೆಂದು ತೋರಿಸಲು ಬೇರೊಂದು ಗಡಿಯಾರ ಕೊಟ್ಟು ಕಳುಹಿಸಿದ. ಬಸವಮ್ಮನವರು ಅದನ್ನು ಕಿವಿಗೆ ಹಿಡಿದು, "ಥೂ, ಇದೇನಮ್ಮ, ಹಲ್ಲಿ ಲೊಚಗುಟ್ಟಿದಂಗೈತೆ" ಎಂದು ಅತ್ತ ತಳ್ಳಿದರು.

ಕೊನೆಗೆ ಸಿರಾದ ಲಿಯಾಕತ್ ಅಲಿಯವರಲ್ಲಿಗೆ ಹೋದಳು. ಅವರೂ ಎರಡು ತಿಂಗಳು ಆ ನಾಯ್ಡು ಹೆಸರನ್ನೇ ಹಿಡಿದು ಹೈದರಾಬಾದಿನವರೆಗೂ ಫೋನು ಮಾಡಿದರು. ಆಮೇಲೆ ಹಿಂಬದಿಯ ಎರಡನೆಯ ಮುಚ್ಚಳ ತೆಗೆದವರೇ ಹಣೆ ಚಚ್ಚಿಕೊಂಡರು. ಒಳಗೆ ಬೇರೆಯೇ ಹೆಸರು, ಬೇರೆಯೇ ಮುದ್ರೆ.

"ಅರೆ ಅಮ್ಮಾ, ಮಾಡ್ದೋನು ಸ್ವಿಸ್ ದೇಶದೋನು! ನಿಮ್ ನಾಯ್ಡು ಮಾರ್ದೋನು ಅಷ್ಟೇ. ಸೀರೆಗೆ ಅಂಗಡಿ ಚೀಟಿ ಅಂಟ್ಸಿರ್ತಾರಲ್ಲ, ಅಂಗೆ."

ತೊಳೆದರು. ಎಣ್ಣೆ ಬಿಟ್ಟರು. ಮುರಿದ ಸ್ಪ್ರಿಂಗ್ ಬದಲಿಸಿದರು. ಆದರೆ ಬೇರೆ ಗಡಿಯಾರಗಳಂತೆ ಇದಕ್ಕೆ ಮೇಲೆ ತಿರುಪಿಲ್ಲ. ಬೆನ್ನಿನ ತೂತಿಗೆ ಪುಟ್ಟದೊಂದು ಕೀ ಹಾಕಿ ತಿರುಗಿಸಬೇಕು. ಆ ಕೀ ಇರಲಿಲ್ಲ. ಪರಮೇಶ್ ಪೆಟ್ಟಿಗೆ, ಅಟ್ಟ, ಎಲ್ಲವನ್ನೂ ಜಾಲಾಡಿದರು. ಲಿಯಾಕತ್ ಅಲಿ ಅರದಲ್ಲಿ ಉಜ್ಜಿ ಮಾಡಿದ ಕೀಗಳೆಲ್ಲ ಜಾರಿದವು. ಆ ದಿನ ಸಂಜೆ ಅವರ ತಾಳ್ಮೆಯೂ ಮುಗಿಯಿತು.

"ಹಳೇ ಕೀ ತನ್ನಿ, ಇಲ್ಲ ನನ್ ತಲೆ ತಿನ್ಬೇಡಿ. ಇದು ಗಡಿಯಾರ ಅಲ್ಲಮ್ಮಾ, ನನ್ ಪಾಲಿನ ಶೈತಾನ್!"

ಇದನ್ನೆಲ್ಲ ನೆನೆದು ಬೈದುಕೊಳ್ಳುತ್ತ ಪುಷ್ಪಕ್ಕ ಬಾವಿಯ ಬಳಿ ಬಂದಳು. ಕಾಲಿಗೆ ಮುಳ್ಳು ಚುಚ್ಚಿತು. ಅಳುವೇ ಬಂದಿತು. "ನಿಮ್ ಗಡಿಯಾರ ನೀವೇ ನೋಡ್ಕಳ್ಳಿ ಮಾವ! ನನ್ ಕೈಲಿ ಆಗಲ್ಲ" ಎಂದು ಸಮಾಧಿಯ ಕಟ್ಟೆಯ ಮೇಲೆ ಚೀಲ ಕುಕ್ಕಿ, ಮುಳ್ಳು ಕೀಳಲು ಬಗ್ಗಿದಳು.

ಆಗ ಕೇಳಿಸಿತು.

ಕಿರ್... ಕಿರ್... ಕಿರ್...

ಕಪ್ಪೆಯಲ್ಲ. ರಾಟೆಯೂ ಅಲ್ಲ, ಆ ಬಾವಿಗೆ ರಾಟೆ ಇಲ್ಲದೆ ವರ್ಷಗಳಾದವು. ಚಕ್ರದ ಹಲ್ಲಿನ ಮೇಲೆ ಹಲ್ಲು ಏರುವ ಸಣ್ಣ, ಒಣ ಸದ್ದು. ಬಿಟ್ಟು ಬಿಟ್ಟು... ವಯಸ್ಸಾದ ಬೆರಳು ತಿರುಗಿಸಿದಂತೆ. ಸ್ವಲ್ಪ ಹೊತ್ತಿಗೆ ನಿಂತಿತು. ಗಾಳಿಯೂ ಇರಲಿಲ್ಲ.

ಆಮೇಲೆ ಚೀಲದೊಳಗಿಂದ...

ಟಕ್-ಟಿಕ್. ಟಕ್-ಟಿಕ್.

ಚೀಲವನ್ನು ಎದೆಗವಚಿಕೊಂಡು ಹೇಗೆ ಮನೆ ಸೇರಿದಳೋ ಅವಳಿಗೇ ತಿಳಿಯದು. ಪರಮೇಶ್ ಮಲಗಿದ್ದರು. ಬಸವಮ್ಮನವರು ಕತ್ತಲಲ್ಲಿ ಎದ್ದು ಕುಳಿತಿದ್ದರು. ಪಿಸುದನಿಯಲ್ಲಿ ಕೇಳಿದರು.

"ಕೀ ಕೊಟ್ರಾ?"

"ಯಾರತ್ತೆ?"

"ಇನ್ಯಾರು... ಅವ್ರು."

"ಕೀ... ಕೀನೇ ಇಲ್ವಲ್ಲತ್ತೆ."

"ಯಾಕಿಲ್ಲ? ಶಿವದಾರಕ್ಕೆ ಕಟ್ಕಂಡಿದ್ರು, ಲಿಂಗದ್ ಜತೇಲಿ. ಅಂಗಿ ಒಳಗಿರಾದು, ನಿಮಗೆಲ್ಲಿ ಕಾಣ್ಬೇಕು? ಮಣ್ಣು ಮಾಡೋವಾಗ ಶಿವದಾರಕ್ಕೆ ಕೈ ಹಾಕ್ಬಾರ್ದು ಅಂತ ಅಂಗೇ ಕೂರ್ಸಿ, ಸುತ್ತ ವಿಭೂತಿ ತುಂಬುದ್ರು."

ಪುಷ್ಪಕ್ಕ ಚೀಲವನ್ನು ನೆಲಕ್ಕಿಟ್ಟಳು.

"ಇದ್ನ ಮೊದ್ಲೇ ಯೋಳ್ಬಾರ್ದಾ ಅತ್ತೆ? ನಾಲ್ಕೂರು ಸುತ್ತಿ ಸತ್ತೆ!"

"ನನ್ನ ಯಾರು ಕೇಳುದ್ರಿ?"

ಪುಷ್ಪಕ್ಕ ಚೀಲ ಬಿಚ್ಚಿದಳು. ಗಡಿಯಾರವನ್ನು ಮುದುಕಿಯ ಕೈಗಿಟ್ಟಳು. ಬಸವಮ್ಮನವರು ಅದನ್ನು ಕಿವಿಗೆ ಒತ್ತಿಕೊಂಡರು. "ಇದೇ... ಇದೇ ಕಣಮ್ಮ" ಎಂದರು. ದಿಂಬಿನ ಕೆಳಗಿಟ್ಟು ಆ ರಾತ್ರಿ ಮಗುವಿನಂತೆ ನಿದ್ದೆ ಮಾಡಿದರು. ಇಂದಿಗೂ ಮಾಡುತ್ತಿದ್ದಾರೆ.

ಗಡಿಯಾರ ನಿಂತಿಲ್ಲ. ಕೀ ಕೊಡುವವರು ಮನೆಯಲ್ಲಿ ಯಾರೂ ಇಲ್ಲ. ನಾನೇ ಹೋಗಿ ಕಿವಿಯಿಟ್ಟು ಕೇಳಿದ್ದೇನೆ.

ಹೋದ ತಿಂಗಳು ಪುಷ್ಪಕ್ಕ ನನ್ನನ್ನು ಜೊತೆಗೆ ಕರೆದುಕೊಂಡು ಅದನ್ನು ಸಿರಾಕ್ಕೆ ಒಯ್ದಳು. ನಡೆದದ್ದನ್ನು ಹೇಳಲಿಲ್ಲ, ಒಮ್ಮೆ ನೋಡಿ ಎಂದಷ್ಟೇ ಹೇಳಿದಳು. ಲಿಯಾಕತ್ ಅಲಿ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬೆನ್ನಿನ ಮುಚ್ಚಳ ತೆಗೆದರು. ನೋಡಿದರು. ಮಸೂರ ತೆಗೆದು ನಮ್ಮತ್ತ ಕೆಂಗಣ್ಣು ಬೀರಿದರು.

"ಕನ್ನಡಿ ತರ ತೊಳ್ದು ಕೊಟ್ಟಿದ್ದೆ ಅಮ್ಮಾ. ಯಾರ ಹತ್ರ ಕೊಟ್ಟು ಕೆಡಿಸ್ಕೊಂಡ್ರಿ? ಕೀ ತೂತಿನ ಸುತ್ತ ವಿಭೂತಿ ಮೆತ್ತಿದಾರಲ್ಲ!"

ನಾನು ಪಕ್ಕದಲ್ಲಿಯೇ ನಿಂತಿದ್ದೆ. ಬೆರಳಿನಿಂದ ಮುಟ್ಟಿ ನೋಡಿದೆ. ವಿಭೂತಿಯೇ. ಇನ್ನೂ ಒದ್ದೆಯಾಗಿತ್ತು.

ನಂಬುವುದು ಬಿಡುವುದು ತಮಗೆ ಸೇರಿದ್ದು, ಇದು ನಡೆದದ್ದು. ಬರೆದುದರಲ್ಲಿ ತಪ್ಪುಗಳಿದ್ದರೆ ದಯವಿಟ್ಟು ಕ್ಷಮಿಸಬೇಕು.