ಹಾಲಸಿದ್ದನ ಬಸ್ಸಿನ ಎಂಜಿನ್ ನಂಬರು ಸವೆದ ಬಗ್ಗೆ

ನನ್ನ ಹೆಸರು ಧರಣೇಂದ್ರ ತಂದೆ ನೇಮಣ್ಣ ಚೌಗುಲೆ, ವಯಸ್ಸು ೬೩ ವರ್ಷ, ಉದ್ಯೋಗ ನಿವೃತ್ತ ಕನ್ನಡ ಶಾಲೆ ಮಾಸ್ತರ, ಸಾ|| ಶೇಡಬಾಳ, ತಾ|| ಅಥಣಿ, ಜಿ|| ಬೆಳಗಾವಿ. ಇಂದು ದಿನಾಂಕ ೧೦-೧೦-೧೯೯೭ರಂದು ಬೆಳಿಗ್ಗೆ ೬-೩೦ಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದಿದ್ದು, ೧೧-೦೦ಕ್ಕೆ ನನ್ನನ್ನು ಕೇಳಲಾಗಿ ಈ ಮೂಲಕ ತಿಳಿಸುವುದೇನೆಂದರೆ:

ಠಾಣೆಯ ಆವರಣದಲ್ಲಿ ನಿಂತಿರುವ ನೀಲಿ ಬಣ್ಣದ ಹಳೆಯ ಬಸ್ಸು ನಮ್ಮೂರ ಕುರಿಗಾರ ಹಾಲಸಿದ್ದನದು. ಅದರ ಎಂಜಿನ್ ಕಳವಿನದೆಂದೂ ನಂಬರನ್ನು ಅರದಿಂದ ಉಜ್ಜಿ ಅಳಿಸಿದ್ದಾರೆಂದೂ ಸಂಶಯಪಟ್ಟು ಹಿಡಿದಿದ್ದಾರೆ. ಆ ಎಂಜಿನನ್ನು ಬಿಚ್ಚಿ ಮತ್ತೆ ಕಟ್ಟಿದ್ದು ನನ್ನ ಮನೆಯ ಅಂಗಳದಲ್ಲಿ, ನನ್ನ ಕಣ್ಣೆದುರಿಗೆ. ಆದ್ದರಿಂದ ಹೇಳುವ ಹಕ್ಕು ನನಗಿದೆ. ಅವರವರು ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಬೇಕೆಂದು ಹವಾಲ್ದಾರರಲ್ಲಿ ಕೇಳಿಕೊಂಡಿದ್ದೇನೆ.

ಹಾಲಸಿದ್ದ ಹದಿನೈದು ವರ್ಷ ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದು ೧೯೮೦ರಲ್ಲಿ ಊರಿಗೆ ಬಂದು ಕುರಿ ಹಿಡಿದವನು. ಅವನ ಹೆಂಡತಿ ಲಗಮವ್ವ ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದವಳು. ೧೯೮೪ರ ಸುಗ್ಗಿಯಲ್ಲಿ ಕಬ್ಬಿನ ಬಂಡಿ ಅವಳ ಬಲಗಾಲಿನ ಮೇಲೆ ಹಾಯಿತು. ಅಂದಿನಿಂದ ನೂರು ಹೆಜ್ಜೆಗಿಂತ ಹೆಚ್ಚು ನಡೆಯಲಾರಳು. ದಸರೆಯ ಹೊತ್ತಿಗೆ ಮಂದಿಯೆಲ್ಲ ಕುರಿ ಹೊಡೆದುಕೊಂಡು ಪಶ್ಚಿಮಕ್ಕೆ ಹೋಗಿ ಎಂಟು ತಿಂಗಳು ಬರುವುದಿಲ್ಲ. ಆ ವರ್ಷ ಅವಳು ಒಬ್ಬಳೇ ಊರಲ್ಲಿ ಉಳಿದಳು. ಮರುವರ್ಷ ಹಾಲಸಿದ್ದ ಲಿಲಾವಿನಲ್ಲಿ ಸವಾಲು ಕೂಗಿ ಈ ಬಸ್ಸನ್ನು ಹಿಡಿದು, ಸೀಟು ಕಿತ್ತು, ಹಲಗೆಯ ಮಂಚ, ಒಲೆ, ಬಾಂಡೆ ಪಾತ್ರೆ ಇಡಲು ಗೋಡೆಗೆ ಫಳಿ, ಹಿಂಭಾಗದಲ್ಲಿ ಈದ ಕುರಿಗಳಿಗೆ ಗೂಡು ಮಾಡಿದನು. ಹನ್ನೆರಡು ವರ್ಷ ಅವಳು ಅದರಲ್ಲೇ ಕುರಿಯ ಹಿಂದೆ ಹೋಗಿದ್ದಾಳೆ. ಕಾಗದದಲ್ಲಿ ಅದು ವಾಹನ. ಅವಳಿಗೆ ಅದು ಮನೆ, ಕಾಲು ಕೂಡ.

ಈ ವರ್ಷ ಮಾರ್ಚ್ ೧೬ರಂದು ಕುರಿಯ ಹಿಂದೆ ಹೋಗಿದ್ದಾಗ ದಾರಿಯಲ್ಲೇ ಎಂಜಿನ್ ಸೀಳಿತು, ಬಸ್ಸನ್ನು ನಮ್ಮ ಅಂಗಳಕ್ಕೆ ಎಳೆಸಿಕೊಂಡು ಬಂದರು. ಸಿಲಿಂಡರುಗಳಿರುವ ಎರಕದ ದೊಡ್ಡ ಭಾಗಕ್ಕೆ ಬ್ಲಾಕ್ ಎನ್ನುತ್ತಾರೆ. ಸೀಳಿದ್ದು ಅದೇ, ನಂಬರು ಕೊರೆದಿರುವುದೂ ಅದರ ಮೇಲೆಯೇ. ಅಂಥ ಬ್ಲಾಕ್ ಎಲ್ಲಿಯೂ ಸಿಗಲಿಲ್ಲ. ಆಗ ನನಗೆ ಯಡೂರಿನ ಚನ್ನವ್ವನ ನೆನಪಾಯಿತು. ೧೯೭೪ರಲ್ಲಿ ಅವಳ ಗಂಡ ಗುಜರಿಯ ಲಾರಿಯೊಂದರ ಎಂಜಿನ್ ತಂದು ಹೊಳೆಯ ದಂಡೆಗೆ ಕೂಡಿಸಿ ಕಬ್ಬಿಗೆ ನೀರೆತ್ತುತ್ತಿದ್ದನು. ನೀರೆತ್ತುವ ಪರವಾನಗಿಯ ಅರ್ಜಿ ಬರೆದುಕೊಟ್ಟವನು ನಾನು. ಕರೆಂಟಿನ ಮೋಟರು ಬಂದ ಮೇಲೆ, ಗಂಡ ತೀರಿದ ಮೇಲೆಯೂ ಅವಳು ಅದನ್ನು ಮಾರಿರಲಿಲ್ಲ.

ಏಪ್ರಿಲ್ ೬ರಂದು ನಾವು ಮೂವರೂ ಯಡೂರಿಗೆ ಹೋದೆವು. ಚನ್ನವ್ವ ಲಗಮವ್ವನ ಕಾಲನ್ನು ನೋಡಿ, “ಗುಜರಿಗೆ ಹಾಕಾಕ ಮನಸ ಬರಲಿಲ್ಲಬೇ ತಂಗಿ. ನನ್ನ ಮಕ್ಕಳ ಉಂಡದ್ದೆಲ್ಲ ಇದರ ನೀರಾಗ ಬೆಳದದ್ದು. ನೀ ಒಯ್ಯಿ. ಆದ್ರ ಅಮಾಸಿ ತಪ್ಪಿಸಬ್ಯಾಡ” ಎಂದಳು. ಲಗಮವ್ವ ಮಾತು ಕೊಟ್ಟಳು. ಅಮಾವಾಸ್ಯೆಗೊಮ್ಮೆ, ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆಪೂಜೆಗೊಮ್ಮೆ ಚನ್ನವ್ವ ಹುಣಸೆಹಣ್ಣು, ಇಟ್ಟಿಗೆಪುಡಿ, ಕೊನೆಕೊನೆಗೆ ಪಾಲಿಶ್ ಕಾಗದ ಹಿಡಿದು ಎಂಜಿನನ್ನು ತಿಕ್ಕಿ, ವಿಭೂತಿ ಎಳೆದು ಕುಂಕುಮ ಹಚ್ಚುತ್ತಿದ್ದಳು. ಇಡೀ ಎಂಜಿನ್ನಿನಲ್ಲಿ ವಿಭೂತಿ ಎಳೆಯುವಷ್ಟು ಸಪಾಟಾದ ಜಾಗ ಒಂದೇ. ಅದು ಮೂರು ಬೆರಳಗಲದ ನಂಬರಿನ ಜಾಗ. ಇಪ್ಪತ್ಮೂರು ವರ್ಷ ತಿಕ್ಕಿದ್ದಾಳೆ. ಓದಲು ಬಾರದ ಹೆಂಗಸು, ಅದನ್ನು ಎಂಜಿನ್ನಿನ ಹಣೆ ಎಂದು ತಿಳಿದಿದ್ದಾಳೆ. ಅರ ಹಿಡಿದ ಕಳ್ಳ ಇವಳೇ.

ಬ್ಲಾಕನ್ನು ಟ್ರೇಲರಿನಲ್ಲಿ ನಮ್ಮ ಅಂಗಳಕ್ಕೆ ತಂದೆವು. ಮೂರು ಜಾಲಿ ಕಂಬ ನಿಲ್ಲಿಸಿ ಸರಪಳಿಯಿಂದ ಹಳೆಯ ಎಂಜಿನ್ ಎತ್ತಿದ್ದು ಏಪ್ರಿಲ್ ೨೦ರಂದು. ಸವೆದ ಸಿಲಿಂಡರುಗಳನ್ನು ಕೊರೆದು ಸರಿಮಾಡುವ ಬೋರ್ ಕೆಲಸ ಮಿರಜದ ಲೇಥಿನಲ್ಲಿ ಆಯಿತು. ಉಳಿದದ್ದನ್ನೆಲ್ಲ ಹಾಲಸಿದ್ದ ಕೈಯಾರೆ ಮಾಡಿದನು. ಬಿಚ್ಚಿದ ಪ್ರತಿ ನಟ್ಟನ್ನೂ ಕಂಬಳಿಯ ಮೇಲೆ ಸಾಲಾಗಿ ಇಡುತ್ತಿದ್ದನು. ಲಗಮವ್ವ ಬಲಗಾಲು ಚಾಚಿ ಕುಳಿತು ಎಂಟೂ ವಾಲ್ವುಗಳನ್ನು ಅವು ಕೂರುವ ಜಾಗದಲ್ಲಿ ಸಂದಿಲ್ಲದ ಹಾಗೆ ಮಸೆದಳು. ವಾಲ್ವಿಗೆ ಪೇಸ್ಟ್ ಹಚ್ಚಿ, ಕೋಲಿಗೆ ಸಿಕ್ಕಿಸಿ, ಎರಡು ಅಂಗೈ ನಡುವೆ ಹೊಸೆಯುವ ಕೆಲಸ ಅದು. ಹಾಲಸಿದ್ದ, “ನಲವತ್ತ ವರ್ಷ ಮಜ್ಜಿಗಿ ಕಡದದ್ದು ಈಗ ಉಪಯೋಗಕ್ಕ ಬಂತ ನೋಡ” ಎಂದನು. ಅವಳು, “ನೀ ಸುಮ್ಮ ಕುಂದರ. ಬೆಣ್ಣಿ ಬಂದ್ರ ನಿನಗ ಕೊಡೂದಿಲ್ಲ” ಎಂದಳು. ನಾಲ್ಕನೆಯ ದಿನ ಸೋರುತ್ತದೆಯೇ ಎಂದು ಮೇಲಿನಿಂದ ಸೀಮೆಎಣ್ಣೆ ಸುರಿದು ಒಂದು ಗಂಟೆ ಬಿಟ್ಟು ನೋಡಿದೆವು. ಹಾಲಸಿದ್ದ ಕೆಳಗೆ ಬೆರಳಾಡಿಸಿ, ಒಣ ಬೆರಳನ್ನು ನನಗೆ ತೋರಿಸಿ, “ಒಂದ ಹನಿ ಸೋರಿಲ್ರಿ ಮಾಸ್ತರ. ಮಿಲಿಟರಿಯಾಗ ಇಂಥಾ ಕೈ ನೋಡಿಲ್ಲ” ಎಂದನು. ಅದನ್ನು ಅವಳಿಗೆ ಹೇಳಲಿಲ್ಲ, ನನಗೆ ಹೇಳಿದನು. ಅವಳು ಕೇಳಿಸಿಕೊಂಡಳು.

ಸೆಪ್ಟೆಂಬರ್ ೧೪ರಂದು ಮಧ್ಯಾಹ್ನ ೪-೨೦ಕ್ಕೆ ಎಂಜಿನ್ ಚಾಲೂ ಆಯಿತು. ಮೊದಲು ಕರಿ ಹೊಗೆ, ಆಮೇಲೆ ಬಿಳಿ, ಆಮೇಲೆ ಏನೂ ಇಲ್ಲ. ಬಸ್ಸಿನೊಳಗೆ ಮಂಚದ ಮೇಲೆ ಕುಳಿತಿದ್ದ ಲಗಮವ್ವನ ತಲೆಯ ಮೇಲಿನ ಫಳಿಯಲ್ಲಿ ಬಾಂಡೆಗಳು ಸಣ್ಣಗೆ ಸದ್ದು ಮಾಡತೊಡಗಿದವು. ಆರು ತಿಂಗಳು ಅವು ಸುಮ್ಮನಿದ್ದವು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಬಾಂಡೇ ಮಾತಾಡಾಕತ್ತಾವರಿ” ಎಂದಳು. ಹಾಲಸಿದ್ದ ಎಂಜಿನ್ ಬಂದ್ ಮಾಡದೆ ಅರ್ಧ ಗಂಟೆ ಹಾಗೆಯೇ ಬಿಟ್ಟನು. ಡೀಸೆಲ್ ದಂಡವಾದರೂ ನಾನೂ ಅಂಗಳದಲ್ಲಿ ಕುಳಿತು ಕೇಳಿದೆನು.

ಎಂಜಿನ್ ಬದಲಿಸಿದ್ದನ್ನು ಸಾರಿಗೆ ಕಚೇರಿಗೆ ತಿಳಿಸಬೇಕಿತ್ತು. ಅರ್ಜಿ ಬರೆದುಕೊಡುತ್ತೇನೆ ಎಂದು ಹೇಳಿ ಬರೆಯದೆ ಕುಳಿತವನು ನಾನು. ಊರಿಗೆಲ್ಲ ಕಾನೂನು ಹೇಳುವ ನಾನು ಇಲ್ಲಿ ತಪ್ಪಿದ್ದೇನೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಂಡರೂ ನನ್ನ ತಕರಾರಿಲ್ಲ.

ಈ ತಿಂಗಳ ೮ರಂದು ಮಧ್ಯಾಹ್ನ ೩-೩೦ಕ್ಕೆ ಕಾಗವಾಡ ದಾಟಿ ಎರಡು ಕಿ.ಮೀ. ಹೋದ ಮೇಲೆ ಪೊಲೀಸರು ಬಸ್ಸು ನಿಲ್ಲಿಸಿದರೆಂದು ಠಾಣೆಯಲ್ಲಿರುವ ಹಾಲಸಿದ್ದ ನನಗೆ ತಿಳಿಸಿದನು. ಇದು ನಾನು ಕಂಡದ್ದಲ್ಲ. ಅವನ ತಮ್ಮ ಮಾಳಸಿದ್ದ ನೂರಾನಲವತ್ತು ಕುರಿಗಳೊಂದಿಗೆ ಮಿರಜದ ಹತ್ತಿರ ಇವರಿಗಾಗಿ ಕಾಯುತ್ತಿದ್ದಾನೆ. ಕಾಯುವುದಕ್ಕೂ ಮಿತಿಯಿದೆ, ಮೇವು ಇರುವತ್ತ ಅವನು ಸಾಗಲೇಬೇಕು. ಎರಡು ದಿನದಿಂದ ಲಗಮವ್ವ ಆವರಣದ ಬೇವಿನ ಕೆಳಗೆ, ತನ್ನ ಮನೆಯಿಂದ ಹನ್ನೆರಡು ಹೆಜ್ಜೆ ದೂರದಲ್ಲಿ ಕುಳಿತಿದ್ದಾಳೆ. ಬಸ್ಸಿನಿಂದ ಇಳಿಸಿದ ಈದ ಕುರಿ ಎರಡಕ್ಕೆ ತಿನ್ನಲು ಸೊಪ್ಪು-ತಪ್ಪಲು ತಂದುಹಾಕಿದ್ದು ಠಾಣೆಯ ಪೇದೆಗಳೇ. ಅದನ್ನೂ ಹೇಳದಿದ್ದರೆ ನನ್ನ ಹೇಳಿಕೆ ಅರ್ಧವಾಗುತ್ತದೆ.

೧೯೫೯ರಿಂದ ನಾನು ಬರೆದ ಪ್ರತಿ ಅರ್ಜಿಯ ನಕಲನ್ನೂ ಇಟ್ಟಿದ್ದೇನೆ. ೧೯೭೪ರ ಪರವಾನಗಿ ಅರ್ಜಿಯ ನಕಲಿನಲ್ಲಿ ಎಂಜಿನ್ ನಂಬರು ಪೂರ್ತಿ ಇದೆ, ಕೊನೆಯ ಅಂಕಿಗಳು ೬೪೧. ಅದನ್ನು ಇಂದು ೬-೪೫ಕ್ಕೆ ಠಾಣೆಯ ಪಿ.ಎಸ್.ಐ. ಸಾಹೇಬರಿಗೆ ಒಪ್ಪಿಸಿದೆನು. ಅವರು ಬ್ಯಾಟರಿ ಹಿಡಿದು ಬಾನೆಟ್ಟಿನೊಳಗೆ ಬಹಳ ಹೊತ್ತು ಬಗ್ಗಿ ನೋಡಿ, ಕೊನೆಯ ನಾಲ್ಕೂ ಒಂದೂ ಇದ್ದ ಹಾಗೆ ಕಾಣುತ್ತದೆ, ಉಳಿದದ್ದು ಹೇಳಲಾಗದು ಎಂದು ತಿಳಿಸಿದರು.

ಇಂದು ಖಂಡೆಪೂಜೆ. ೭-೩೦ಕ್ಕೆ ಜಗಲಿಯ ಮೇಲೆ ಬಂದೂಕುಗಳನ್ನು ಸಾಲಾಗಿ ಇಟ್ಟು ಪೂಜೆ ಮಾಡಿದರು. ಲಗಮವ್ವ ಎದ್ದುಬಂದು ಹವಾಲ್ದಾರರಿಗೆ, “ಯಪ್ಪಾ, ನನ್ನ ಎಂಜಿನ್ನಿಗೂ ಒಂದ ಚಿಟಿಕಿ ಕುಂಕುಮ ಕೊಡ. ಮಾತ ಕೊಟ್ಟೇನಿ” ಎಂದು ಕೇಳಿದಳು. ಸಾಹೇಬರು ಜಗಲಿಯಿಂದಲೇ ಆಗಲಿ ಎಂದು ತಲೆಯಾಡಿಸಿದರು, ಪೇದೆಗಳು ಬಾನೆಟ್ ಎತ್ತಿದರು. ಅವಳು ಸೊಂಟದ ಚೀಲದಿಂದ ಹುಣಸೆಹಣ್ಣು ತೆಗೆದು ಅಭ್ಯಾಸದಂತೆ ಆ ಸಪಾಟು ಜಾಗಕ್ಕೆ ಕೈ ಹಾಕಿದ್ದೇ ತಡ, ಸಾಹೇಬರು ಜಗಲಿಯಿಂದ ಬರಿಗಾಲಲ್ಲೇ ಓಡಿ, “ಏ ಯವ್ವಾ, ತಿಕ್ಕಬ್ಯಾಡಬೇ! ಇದ್ದ ಎರಡಂಕಿನೂ ಅಳಿಸಿ ಹೊಕ್ಕಾವ!” ಎಂದು ಅವಳ ಮುಂಗೈ ಹಿಡಿದರು.

ಹಿಡಿದ ಕೈಯನ್ನು ತಕ್ಷಣ ಬಿಡಲಿಲ್ಲ. ತಾವೇ ಒಂದು ಒಣಬಟ್ಟೆಯಿಂದ ಧೂಳು ಝಾಡಿಸಿ, ಅಂಕಿಗಳನ್ನು ಬಿಟ್ಟು ನಾಲ್ಕು ಬೆರಳು ಪಕ್ಕಕ್ಕೆ ಜಾಗ ತೋರಿಸಿದರು. ಅವಳು ಅಲ್ಲಿ ಕುಂಕುಮ ಹಚ್ಚಿದಳು. ಕಳ್ಳರ ಎಂಜಿನ್ನಿನ ನಂಬರನ್ನು ಯಾವ ಪೊಲೀಸರೂ ಹೀಗೆ ಕಾಯುವುದಿಲ್ಲವೆಂದು ನನ್ನ ತಿಳಿವಳಿಕೆ. ಚನ್ನವ್ವ ನಾಳೆ ಬಂದು ಹೇಳಿಕೆ ಕೊಡಲು ತಯಾರಿದ್ದಾಳೆ. ಜಾಮೀನಿಗೆ ನಾನಿದ್ದೇನೆ. ಬಸ್ಸನ್ನು ಇಂದೇ ಬಿಡಬೇಕೆಂದು ವಿನಂತಿ.

ಮೇಲಿನದೆಲ್ಲ ನಾನು ಹೇಳಿದ್ದೇ. ಓದಿಸಿ ಕೇಳಿದ್ದೇನೆ, ಸತ್ಯವಿದೆ. ಎರಡನೆಯ ಪುಟದಲ್ಲಿ ಹಾಲಸಿದ್ದನ ಹೆಸರಿನ ಹಿಂದೆ ‘ಆರೋಪಿ’ ಎಂದು ಬರೆದದ್ದನ್ನು ಸಾಹೇಬರ ಅಪ್ಪಣೆಯಿಂದಲೇ ಹೊಡೆದು ‘ಬಸ್ಸಿನ ಮಾಲೀಕ’ ಎಂದು ತಿದ್ದಲಾಗಿದೆ. ಆ ತಿದ್ದುಪಡಿಯ ಪಕ್ಕದಲ್ಲಿ ಒಂದು, ಇಲ್ಲಿ ಒಂದು, ಹೀಗೆ ಎರಡು ಸಹಿ ಮಾಡಿದ್ದೇನೆ.

ಸ್ಥಳ: ಠಾಣೆಯ ಜಗಲಿ
ದಿನಾಂಕ: ೧೦-೧೦-೧೯೯೭, ಮಧ್ಯಾಹ್ನ ೧೨-೪೦
(ಸಹಿ) ಧ. ನೇ. ಚೌಗುಲೆ